ಗೆರೆ ಬೆನ್ನಿನ ಮೀನು

ಆ ಬೆಳಿಗ್ಗೆ ಆಕಾಶ ತೊಯ್ದ ಕಂಬಳಿಯಂತೆ ಜೋತುಬಿದ್ದಿತ್ತು. ಹಿಂದಿನ ದಿನ ದೋಣಿಯ ಹಲಗೆಯ ಮೇಲೆ ಕಾಲಿಡಲಾಗದಂತೆ ಸುಟ್ಟ ಬಿಸಿಲು ಎಲ್ಲಿ ಅಡಗಿತೋ, ಈಗ ಬರೀ ತುಂತುರು. ಗಾಳ ಹಾಕಿ ಮೀನು ಹಿಡಿಯುವ ಗಾಳದಕ್ಕ ಎಂದಿನಂತೆ ಎಲ್ಲರಿಗಿಂತ ಮೊದಲು ದೋಣಿ ಕಟ್ಟುವ ದಕ್ಕೆಗೆ ಬಂದಳು. ಬಂದವಳು ನಿಂತುಬಿಟ್ಟಳು. ಅವಳ ಪುಟ್ಟ ದೋಣಿಗೆ ಸರಪಳಿ ಸುತ್ತಿ ಬೀಗ ಜಡಿದಿದ್ದರು.

“ಯಾರ ಕೆಲಸ ಇದು?”

“ಸಂಘದ್ದು.” ಹಿಂದೆ ನಿಂತಿದ್ದವನು ಅವಳ ಒಡಹುಟ್ಟಿದ ಅಣ್ಣ — ದೊಡ್ಡ ಬಲೆದೋಣಿಯ ಯಜಮಾನ, ದಕ್ಕೆಯ ಸಂಘದ ಮುಖ್ಯಸ್ಥ. “ನಿನ್ನ ಮೀನು ತಿಂದು ಜನ ಆಸ್ಪತ್ರೆ ಸೇರಿದಾರೆ. ಗೊತ್ತಿಲ್ವಾ?”

ಊರಿಗೆಲ್ಲ ಗೊತ್ತಿತ್ತು. ನಿನ್ನೆ ರಾತ್ರಿ ದಕ್ಕೆಯೆದುರಿನ ಊಟದ ಮನೆಯಲ್ಲಿ ಬೊನಿಟೊ ಎಂಬ ಗೆರೆ ಬೆನ್ನಿನ ಮೀನು ತಿಂದವರಿಗೆ ಕೈ ತೊಳೆಯುವಷ್ಟರಲ್ಲಿ ಮುಖ ಕೆಂಪೇರಿತ್ತು. ಮೈತುಂಬ ದದ್ದು, ತಲೆ ಸಿಡಿತ. ಬಲೆ ಹೆಣೆಯುವ ಅಜ್ಜನಿಗಂತೂ ಉಸಿರೇ ಕಟ್ಟಿತ್ತು. ಆ ಮನೆಗೆ ಬೊನಿಟೊ ಕೊಡುತ್ತಿದ್ದವಳು ಗಾಳದಕ್ಕ ಒಬ್ಬಳೇ.

“ಸಂಜೆ ಸಭೆ ಇದೆ. ತಪ್ಪಾಯ್ತು ಅಂತ ಒಂದು ಮಾತು ಹೇಳಿಬಿಡು, ಮುಗಿಸ್ತೀನಿ. ಇಲ್ಲಾಂದ್ರೆ ಇನ್ನು ಈ ದಕ್ಕೆಯಿಂದ ನೀನು ದೋಣಿ ಇಳಿಸೋ ಹಾಗಿಲ್ಲ.”

“ತಪ್ಪು ಮಾಡಿದ್ರೆ ತಾನೇ ಹೇಳೋದು?”

“ಮನೆ ಮರ್ಯಾದೆ ಪ್ರಶ್ನೆ, ತಂಗಿ.”

“ಮನೆ ಮರ್ಯಾದೆ ನನ್ನ ತಲೆ ಮೇಲೇ ಯಾಕೆ ಕೂತಿದೆ? ಸ್ವಲ್ಪ ಹೊತ್ತು ನೀನೂ ಹೊತ್ಕೋ!”

ಹೀಗೆಂದು ಅವಳು ಸರಪಳಿ ದಾಟಿ ದೋಣಿಯೊಳಗೆ ಕುಳಿತಳು. ಮಳೆಯಲ್ಲೇ. ಮೀನಿಲ್ಲದ ನೀರನ್ನು ದಿಟ್ಟಿಸುವವಳಂತೆ.

ಆರೋಗ್ಯ ಇಲಾಖೆಯಿಂದ ಬಂದ ತನಿಖೆಯಮ್ಮ ಅವಳನ್ನು ಕಂಡದ್ದು ಅಲ್ಲೇ. ಮಾತಿಗೆ ಮುಂಚೆ ಒಂದು ಗಳಿಗೆ ಕಣ್ಣು ಮುಚ್ಚುವುದು ಆಕೆಯ ರೂಢಿ. ದೇವರನ್ನು ನೆನೆಯುತ್ತಾಳೆ ಎಂದು ಕೆಲವರು, ತೂಕಡಿಕೆ ಎಂದು ಕೆಲವರು. ಕಣ್ಣು ತೆರೆದಾಗ ಮಾತ್ರ ಅದರೆದುರು ಸುಳ್ಳು ಹೇಳುವುದು ಕಷ್ಟ.

“ಮೀನು ಸಿಕ್ಕ ಮೇಲೆ ಏನು ಮಾಡ್ತೀಯ?”

“ಗಾಳ ಬಿಡಿಸಿದ ಕೂಡ್ಲೇ ಕಿವಿರು ಕೊಯ್ದು ರಕ್ತ ಬಸೀತೀನಿ. ಒದ್ದೆ ಗೋಣಿ ಹೊದಿಸ್ತೀನಿ. ಅದು ಓಡೋ ಮೀನು ಅಮ್ಮಾ, ಮೈಯೆಲ್ಲಾ ರಕ್ತ. ಬಿಸಿಲಿಗೆ ಬಿಟ್ರೆ ಮಾಂಸವೇ ವಿಷ.”

“ಬೊನಿಟೊ ಅಂತ ಹೇಗೆ ಗುರುತು?”

“ಬೆನ್ನ ಮೇಲೆ ಬಾಚಣಿಗೆ ಎಳೆದ ಹಾಗೆ ಓರೆ ಗೆರೆ. ಬಾಯಲ್ಲಿ ಮುಳ್ಳಿನಂಥ ಹಲ್ಲು. ಹೊಟ್ಟೆ ಅಪ್ಪಟ ಬೆಳ್ಳಿ.”

“ಆಮೇಲೆ?”

“ಇಡೀ ಮೀನನ್ನೇ ಪೆಟ್ಟಿಗೆಗೆ ಹಾಕಿ, ಮಂಜುಗಡ್ಡೆಯಲ್ಲಿ ಇಡೋಕೆ ಮಂಜಿನ ಮನೆಗೆ ಕೊಟ್ಟೆ. ಅಲ್ಲಿಂದ ಊಟದ ಮನೆಗೆ ಹೋಗುತ್ತೆ.”

“ಅಲ್ಲಿ ಒಂದು ಹಸಿ ಹೋಳು ಉಳಿದಿದೆಯಂತೆ. ನೋಡಿದ್ಯಾ?”

“ಬಿಟ್ರೆ ತಾನೇ! ಆರೋಪ ಹೊತ್ತವಳು ಮುಟ್ಟಬಾರದು ಅಂತ ಅಣ್ಣನ ಅಪ್ಪಣೆ.”

“ಸಂಜೆಯೊಳಗೆ ನನಗೆ ಏನೂ ಸಿಗದಿದ್ರೆ?”

“ಇಲ್ಲೇ ಕೂತಿರ್ತೀನಿ. ಬೇಕಾದ್ರೆ ನನ್ನನ್ನೂ ಸೇರಿಸಿ ಬೀಗ ಹಾಕ್ಲಿ.”

ಊಟದ ಮನೆಯ ಅಡುಗೆಯವನು ಒಳನಾಡಿನಿಂದ ಹೊಸದಾಗಿ ಬಂದವನು. ತನಿಖೆಯಮ್ಮನನ್ನು ಕಂಡದ್ದೇ ಓಡಿ ಬಂದ.

“ಅಮ್ಮಾ, ನಾನು ಮೆಣಸು ಮುಟ್ಟೇ ಇಲ್ಲ. ಉಪ್ಪು, ಹುಳಿ, ಅಷ್ಟೇ. ಆದ್ರೂ ತಿಂದವರೆಲ್ಲಾ ನಾಲಿಗೆ ಚುರ್ ಅಂತು, ಖಾರ ಖಾರ ಅಂತಾರೆ!”

ತನಿಖೆಯಮ್ಮ ಮಂಜಿನ ಡಬ್ಬಿ ತೆರೆದಳು. ತೆಳ್ಳನೆಯ ಹೋಳು. ಒಳಗೆ ಬೆಳ್ಳಗಿನ ಪೊರೆ, ಪಕ್ಕೆಲುಬಿನ ಸಣ್ಣ ತುದಿಗಳು. ಹೊರಗಿನ ಚರ್ಮದ ಮೇಲೆ ಉದ್ದಕ್ಕೂ ಕಪ್ಪು ಗೆರೆಗಳು.

“ಹೋಳಾಗೇ ಬಂತಾ?”

“ನಿನ್ನೆ ಮಾತ್ರ. ದಿನಾ ಇಡೀ ಮೀನು ಬರ್ತಿತ್ತು. ಜನ ಕಾಯಿಲೆ ಬಿದ್ದ ಮೇಲೆ ಬಲೆದೋಣಿ ಯಜಮಾನ್ರೇ ಬಂದು ಇದನ್ನ ಬೆಳಕಿಗೆ ಹಿಡಿದು ನೋಡಿದ್ರು. ‘ಗೆರೆ ಇದೆಯಲ್ಲ, ಬೊನಿಟೊನೇ’ ಅಂದ್ರು.”

ಮಂಜಿನ ಮನೆಯವನು ಮುಖ ಗಂಟಿಕ್ಕಿಕೊಂಡೇ ಉತ್ತರಿಸಿದ.

“ಮೀನನ್ನ ಹೋಳಾಗಿ ಹಚ್ಚಿದ್ದು ನೀನಾ?” ಎಂದಳು ತನಿಖೆಯಮ್ಮ.

“ನನಗೇನು ಗ್ರಹಚಾರ? ಪೆಟ್ಟಿಗೆ ತೆಗೆದಾಗ್ಲೇ ಹೋಳಾಗಿತ್ತು. ಅವಳೇ ಹಚ್ಚಿ ಕೊಟ್ಟಿರ್ಬೇಕು. ಕೇಳೋಣ ಅಂದ್ರೆ ನನಗೂ ಅವಳಿಗೂ ಮಾತಿಲ್ಲ. ಮಂಜು ಕಮ್ಮಿ ಹಾಕ್ತೀನಂತೆ, ನಾನು!”

“ಹಾಕ್ತೀಯಾ?”

“…ಒಂದೊಂದ್ಸಲ.”

“ಬಾಗಿಲಿನ ಬೀಗದ ಕೈ?”

“ಒಂದು ನನ್ನ ಹತ್ರ. ಇನ್ನೊಂದು ಮುಖ್ಯಸ್ಥರ ಹತ್ರ.”

ಯಜಮಾನನ ಮನೆಯಲ್ಲಿ ಅವನ ಹೆಂಡತಿ ಒಬ್ಬಳೇ ಇದ್ದಳು. ನೀರು ಕೊಡುವಾಗ ಬೆರಳಿಗೆ ಸುತ್ತಿದ ಬಟ್ಟೆ ಕಂಡಿತು.

“ಏನಮ್ಮಾ, ಬೆರಳಿಗೆ?”

“ಮೀನಿನ ಹಲ್ಲು ಚುಚ್ಚಿತು. ನಿನ್ನೆ ಹೊಸ ಬೀಗರು ಊಟಕ್ಕೆ ಬಂದಿದ್ರು. ನನ್ನ ದೋಣಿಯ ಬೊನಿಟೊ ಬಡಿಸ್ತೀನಿ ಅಂತ ಇವರ ಜಂಬ ಕೇಳಬೇಕಿತ್ತು! ಎಂಜಿನ್ ಕೆಟ್ಟು ನಡು ಬಿಸಿಲಲ್ಲಿ ಒದ್ದಾಡಿ ಬಂದ್ರೂ ಮಾತು ಬಿಡ್ಲಿಲ್ಲ ನೋಡಿ. ಎಂಥ ಮೀನು ಅಂತೀರಾ! ಕಿವಿರು ಕೊಯ್ದು, ರಕ್ತ ಬಸಿದು… ನನಗೆ ತೊಳೆಯೋ ಕೆಲಸವೇ ಇರ್ಲಿಲ್ಲ.”

“ಬಲೆದೋಣಿಯಲ್ಲಿ ರಾಶಿ ಮೀನು ಬೀಳುತ್ತೆ. ಒಂದೊಂದರದೂ ಕಿವಿರು ಕೊಯ್ತಾ ಕೂರ್ತಾರಾ?”

ಆಕೆಯ ನಗು ಅರ್ಧಕ್ಕೇ ನಿಂತಿತು. ಇನ್ನೊಂದು ಕೈ ತಾನಾಗಿ ಬೆರಳಿನ ಬಟ್ಟೆಯನ್ನು ಮುಚ್ಚಿತು.

ಸಂಜೆ ಗಾಳದಕ್ಕ ದೋಣಿ ಬಿಟ್ಟು ಇಳಿಯಲಿಲ್ಲ. ಸಭೆಯೇ ಅವಳಿದ್ದಲ್ಲಿಗೆ ಬಂತು.

“ಕೊನೇ ಸಲ ಕೇಳ್ತಿದೀನಿ, ತಪ್ಪೊಪ್ಪಿಕೋ,” ಎಂದ ಅಣ್ಣ.

“ಕೊನೇ ಸಲ ಹೇಳ್ತಿದೀನಿ. ಇಲ್ಲ!”

“ತಾಳಿ,” ಎಂದಳು ತನಿಖೆಯಮ್ಮ. ಹೋಳನ್ನು ಹಲಗೆಯ ಮೇಲಿಟ್ಟಳು. “ಗೆರೆ ಇದೆಯಾ ಅಂತ ಎಲ್ಲರೂ ಕೇಳಿದ್ರಿ. ಎಲ್ಲಿದೆ ಅಂತ ಯಾರೂ ಕೇಳ್ಲಿಲ್ಲ. ಇದು ಮೀನಿನ ಯಾವ ಭಾಗ?”

ಗಾಳದಕ್ಕ ಬಗ್ಗಿ ನೋಡಿದಳು. ನೋಡಿದ್ದೇ ತಡ, ಎದ್ದು ನಿಂತಳು.

“ಒಳಗೆ ಪೊರೆ, ಪಕ್ಕೆಲುಬಿನ ತುದಿ… ಹೊಟ್ಟೆ! ಹೊಟ್ಟೆಗೆ ಗೆರೆ! ಇದು ಬೊನಿಟೊನೇ ಅಲ್ಲ, ಅದರ ದಾಯಾದಿ. ಇದನ್ನ ನಾನು ಹಿಡಿದೇ ಇಲ್ಲ!”

“ಹೌದು. ದೇವರು ಮೀನಿಗೂ ಗುರುತು ಬರೆದೇ ಕಳಿಸ್ತಾನೆ. ಬಿಸಿಲಲ್ಲಿ ಬಿದ್ದಿದ್ದ ಇಂಥ ಮೀನು ನಾಲಿಗೆಗೆ ಖಾರ ಅನ್ನಿಸುತ್ತೆ. ಎಷ್ಟು ಬೇಯಿಸಿದ್ರೂ ಆ ವಿಷ ಹೋಗಲ್ಲ. ನಿನ್ನೆ ಎಂಜಿನ್ ಕೆಟ್ಟು ಬಿಸಿಲಲ್ಲಿ ನಿಂತಿದ್ದ ದೋಣಿ ಯಾವುದು?”

ತಲೆಗಳು ಒಂದೊಂದಾಗಿ ಯಜಮಾನನ ಕಡೆ ತಿರುಗಿದವು.

“ಕಣ್ತಪ್ಪಾಗಿರ್ಬೇಕು…” ಎಂದ ಅವನು.

“ಅಡುಗೆಯವನಿಗೆ ಆಗಬಹುದು. ನನಗೂ ಆಗಬಹುದು. ಹುಟ್ಟಿದಾಗಿನಿಂದ ಮೀನಿನ ಜೊತೆ ಬದುಕಿದ ನಿಮಗೆ ಹೊಟ್ಟೆ ಯಾವುದು, ಬೆನ್ನು ಯಾವುದು ಗೊತ್ತಾಗಲ್ವಾ? ಗೊತ್ತಿದ್ದೂ ಬೊನಿಟೊ ಅಂದ್ರಿ. ತಂಗಿ ನೋಡಿದ್ರೆ ಹೇಳಿಬಿಡ್ತಾಳೆ ಅಂತ ಅವಳನ್ನ ಹತ್ತಿರ ಬಿಡ್ಲಿಲ್ಲ. ಇನ್ನೊಂದು ಬೀಗದ ಕೈ ನಿಮ್ಮದು. ಮತ್ತೆ ನಿಮ್ಮ ಮನೆಗೆ ಬಂದ ಬೊನಿಟೊ — ಕಿವಿರು ಕೊಯ್ದಿತ್ತು, ರಕ್ತ ಬಸಿದಿತ್ತು. ಹಾಗೆ ಮಾಡೋ ಕೈ ಈ ದಕ್ಕೆಯಲ್ಲಿ ಯಾರದು?”

“ಗಾಳದಕ್ಕಂದು!” ಎಂದಿತು ಗುಂಪು.

“ಬೀಗರ ಮುಂದೆ ಮಾತು ಕೊಟ್ಟುಬಿಟ್ಟಿದ್ದೆ,” ಎಂದ ಅಣ್ಣ, ನೆಲ ನೋಡುತ್ತ. “ಬಲೆಗೆ ಬೊನಿಟೊ ಬೀಳ್ಲಿಲ್ಲ. ನನ್ನ ಮೀನು ಹಚ್ಚಿ ಅವಳ ಪೆಟ್ಟಿಗೆಗೆ ಹಾಕಿದೆ. ವಾಸನೆ ಇರ್ಲಿಲ್ಲ, ದೇವರಾಣೆ. ಜನ ಬೀಳ್ತಾರೆ ಅಂತ ಅಂದುಕೊಂಡಿರ್ಲಿಲ್ಲ.”

“ಅದು ನಿನ್ನೆಯ ಮಾತು,” ಗಾಳದಕ್ಕನ ದನಿ ಏರಲಿಲ್ಲ. “ಇವತ್ತು ಬೆಳಿಗ್ಗೆ ಎಲ್ಲಾ ಗೊತ್ತಿದ್ದೂ ನನ್ನ ದೋಣಿಗೆ ಬೀಗ ಹಾಕಿದ್ಯಲ್ಲ, ಅದು ಯಾವ ಬೀಗರಿಗೋಸ್ಕರ?”

ಅವನು ಸರಪಳಿಯನ್ನು ತಾನೇ ಬಿಚ್ಚಿದ. “ಕ್ಷಮಿಸು.”

“ಕ್ಷಮೆಯನ್ನ ಆಸ್ಪತ್ರೇಲಿರೋ ಅಜ್ಜನ ಹತ್ರ ಕೇಳು. ನನಗೆ ನನ್ನ ಮೀನು ಕೊಡು.”

“ಬೀಗರ ಹೊಟ್ಟೆಗೇ ಗಾಳ ಹಾಕ್ಬೇಕು, ಅಕ್ಕಾ!” ಎಂದು ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಅವಳು ನಗಲಿಲ್ಲ.

ತನಿಖೆಯಮ್ಮ ತನ್ನ ವರದಿ ಬರೆದಳು. ಅಣ್ಣ ಮುಖ್ಯಸ್ಥನ ಕುರ್ಚಿ ಬಿಟ್ಟ. ಬಲೆದೋಣಿಯನ್ನು ಆಳುಗಳಿಗೆ ಒಪ್ಪಿಸಿ, ಎರವಲು ದೋಣಿಯೊಂದರಲ್ಲಿ ಗಾಳ ಹಿಡಿದು ಒಬ್ಬನೇ ಹೊರಟ. ಬರಿಗೈಯಲ್ಲಿ ಬಂದ. ಮತ್ತೆ ಹೋದ. ಗಾಳದ ದಾರ ಅವನ ಅಂಗೈಯನ್ನು ಸೀಳುತ್ತಿತ್ತು. ಹುಡುಗನಾಗಿದ್ದಾಗ ಬಿಟ್ಟ ವಿದ್ಯೆ ಅಷ್ಟು ಸುಲಭಕ್ಕೆ ತಿರುಗಿ ಬರುವುದಿಲ್ಲ.

ಒಂದು ಸಂಜೆ ಗಾಳದಕ್ಕ ದೋಣಿಯ ಒಳಹಲಗೆ ಉಜ್ಜುತ್ತಿದ್ದಳು. ಅವನು ಬಂದು ನಿಂತ. ಒದ್ದೆ ಗೋಣಿಯನ್ನು ಬಿಚ್ಚಿದ. ಒಳಗೆ ಒಂದು ಬೊನಿಟೊ, ತಲೆಯಿಂದ ಬಾಲದವರೆಗೆ ಇಡಿಯಾಗಿ. ಕಿವಿರನ್ನು ಸ್ವಲ್ಪ ಸೊಟ್ಟಕ್ಕೇ ಕೊಯ್ದಿದ್ದ, ಆದರೆ ರಕ್ತ ಪೂರ್ತಿ ಬಸಿದಿತ್ತು. ಎರಡೂ ಕೈಯಲ್ಲಿ ಎತ್ತಿ ಅವಳ ಕೈಗೆ ಕೊಟ್ಟ.