ಇಪ್ಪತ್ತೇಳನೇ ದೃಶ್ಯ

"ತಿನ್ನಬೇಡಿ. ಸುಮ್ನೆ ನೋಡ್ತಾ ಕೂತ್ಕಳಿ, ಸಾಕು."

ಅವನು ಹಾಗೆಂದಾಗ ಭವ್ಯ ಚಾಚಿದ್ದ ಕೈ ಹಿಂದಕ್ಕೆಳೆದುಕೊಂಡಳು. ಎದುರಿಗೆ ತಟ್ಟೆಯಲ್ಲಿ ಬಿಸಿ ಮುದ್ದೆ, ಉಪ್ಸಾರು.

ಅದು 2008ರ ಬೇಸಿಗೆ. ಚಾಮರಾಜನಗರದ ಶಾಲೆಯೊಂದರ ಖಾಲಿ ಕೊಠಡಿಯಲ್ಲಿ ಪಾತ್ರಕ್ಕೆ ನಟಿಯನ್ನು ಆರಿಸುವ ಪರೀಕ್ಷೆ. ಕ್ಯಾಮೆರಾದ ಪಕ್ಕ ನಿಂತಿದ್ದವನು ಗುಂಡ್ಲುಪೇಟೆಯ ಕನಕರಾಜು. ಗೆಳೆಯರನ್ನು ಕಟ್ಟಿಕೊಂಡು ಮೊದಲ ಸಿನಿಮಾ ಮಾಡಲು ಹೊರಟಿದ್ದ. ಊಟ ಬಿಟ್ಟು ಸಾವಿನ ಬಾಗಿಲಿಗೆ ಹೋದ ಹುಡುಗಿಯೊಬ್ಬಳು ಮತ್ತೆ ಉಣ್ಣಲು ಕಲಿಯುವ ಕಥೆ.

ಭವ್ಯ ತಟ್ಟೆಯನ್ನೇ ನೋಡಿದಳು. ಒಂದು ನಿಮಿಷ... ಎರಡು ನಿಮಿಷ... ಕೈ ಸಣ್ಣಗೆ ನಡುಗಿತು.

ಇವನಿಗೆ ಗೊತ್ತಿರಬಹುದಾ?

ಎರಡು ವರ್ಷದ ಹಿಂದೆ ಅವಳೂ ಅನ್ನ ಬಿಟ್ಟಿದ್ದಳು. ಹೆಣ್ಣು ನೋಡಲು ಬಂದವರು 'ಹುಡುಗಿ ಸ್ವಲ್ಪ ದಪ್ಪ' ಎಂದದ್ದು ನೆಪ. ಆಮೇಲೆ ನೆಪವೂ ಬೇಕಾಗಲಿಲ್ಲ. ಎದ್ದು ನಿಲ್ಲಲಾರದ ದಿನ ಮೈಸೂರಿನ ಆಸ್ಪತ್ರೆಗೆ ಸೇರಿಸಿದರು. ಅವಳೂರು ಹರವೆಯ ಜನ ಗಾಳಿ ಸೋಕಿದೆ ಅಂದುಕೊಂಡರು. ಈಗ ಉಣ್ಣುತ್ತಿದ್ದಳು. ಆದರೆ ಪ್ರತಿ ತುತ್ತೂ ಒಂದು ಕೆಲಸ. ದಿನಕ್ಕೆ ಮೂರು ಸಲ ಮಾಡಿ ಮುಗಿಸಬೇಕಾದ ಕೆಲಸ. ಅವಳಿಗೆ ಸಾಕಾಗಿ ಹೋಗಿತ್ತು.

"ಈ ಪಾತ್ರ ನೀವೇ ಮಾಡ್ಬೇಕು," ಎಂದ ಕನಕರಾಜು, ಮೆಲ್ಲಗೆ.

ಯಾಕೆ ಎಂದು ಅವಳು ಕೇಳಲಿಲ್ಲ.

ಗುಂಡ್ಲುಪೇಟೆಯ ಒಂದು ಹಳೇ ಹೆಂಚಿನ ಮನೆಯಲ್ಲಿ ಚಿತ್ರೀಕರಣ ಶುರುವಾಯಿತು. ಅವನು ಎಂದೂ ದನಿ ಏರಿಸಿದವನಲ್ಲ. ಅವಳ ಮುಖ ಬಾಡಿದರೆ ಸಾಕು, ಕ್ಯಾಮೆರಾ ಹಿಡಿದ ಮಂಟೇಸ್ವಾಮಿಗೆ ನಿಲ್ಲಿಸಲು ಹೇಳಿ, ಅವಳಿಗೆ ಜಗಲಿಯಲ್ಲಿ ಕುರ್ಚಿ ಹಾಕಿಸುತ್ತಿದ್ದ. ಮಧ್ಯಾಹ್ನ ಎಲ್ಲರೂ ಸಾಲಾಗಿ ಊಟಕ್ಕೆ ಕೂತಾಗ ಅವನೊಬ್ಬ ಇರುತ್ತಿರಲಿಲ್ಲ. ಏನೋ ಕೆಲಸವಿರಬೇಕು ಎಂದುಕೊಳ್ಳುತ್ತಿದ್ದ ಭವ್ಯಳ ಕಣ್ಣು ಅವನನ್ನೇ ಹುಡುಕುತ್ತಿತ್ತು. ಇಷ್ಟು ದಣಿದ ಮನಸ್ಸಿಗೂ ಒಬ್ಬರ ದಾರಿ ಕಾಯುವ ಶಕ್ತಿ ಉಳಿದಿದೆಯಲ್ಲ ಎಂದು ಅವಳಿಗೇ ಅಚ್ಚರಿ.

ಆರನೇ ದಿನ ಮಂಟೇಸ್ವಾಮಿ ಮರುದಿನದ ಹಾಳೆಗಳನ್ನು ಕೊಟ್ಟ. ಇಪ್ಪತ್ತೇಳನೇ ದೃಶ್ಯ. ಹುಡುಗಿ ತನ್ನ ಮುದ್ದೆಯನ್ನು ಎಮ್ಮೆಯ ಕಲಗಚ್ಚಿಗೆ ಹಾಕುತ್ತಾಳೆ. ಉಂಡಿದ್ದಾಳೆಂದು ಅವ್ವ ನಂಬಲಿ ಅಂತ ತುಟಿಗೆ ಸಾರು ಸವರಿಕೊಳ್ಳುತ್ತಾಳೆ.

ಭವ್ಯ ಅದನ್ನು ಮತ್ತೊಮ್ಮೆ ಓದಿದಳು. ತಾನೂ ಹೀಗೇ ತುಟಿಗೆ ಸಾರು ಸವರಿಕೊಂಡಿದ್ದ ಮಾತನ್ನು ಅವಳು ಅವ್ವನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ.

ಹಾಳೆ ಹಿಡಿದೇ ಕನಕರಾಜುವಿನ ಎದುರು ನಿಂತಳು. "ನೀವು ನಮ್ಮವ್ವನ ನೋಡಕ್ಕೆ ಹರವೆಗೆ ಹೋಗಿದ್ರಾ?"

"ಹೋಗಿದ್ದೆ. ಆದ್ರೆ..."

"ನನ್ ಕಾಯ್ಲೆ ನೋಡಿ ಆರಿಸ್ಕಂಡ್ರಿ. ನನ್ ನಟನೆ ನೋಡಿ ಅಲ್ಲ."

ಅವನು ತಲೆ ತಗ್ಗಿಸಿದ. ಅದನ್ನೇ ಒಪ್ಪಿಗೆ ಎಂದುಕೊಂಡು ಭವ್ಯ ಬಸ್ಸು ಹತ್ತಿ ಊರಿಗೆ ಬಂದುಬಿಟ್ಟಳು.

ಮೂರು ದಿನ ಬರೀ ಕಾಫಿ. ಹಸಿವು ಮೊದಲು ಕೂಗಿತು, ಆಮೇಲೆ ಸುಮ್ಮನಾಯಿತು. ಆ ಸುಮ್ಮನಾಗುವಿಕೆ ಅವಳಿಗೆ ಚೆನ್ನಾಗಿ ಗೊತ್ತಿತ್ತು... ಅದರ ಹಿತವೂ ಗೊತ್ತಿತ್ತು. ಅದೇ ಭಯ.

ಅವ್ವ ಮಂಚಮ್ಮನನ್ನೂ ಅವಳು ಬಿಡಲಿಲ್ಲ. ಯಾಕೆ ಎಲ್ಲ ಹೇಳಿದೆ ಎಂದು ಜಗಳಕ್ಕೆ ನಿಂತಳು.

"ಅವ ನಿನ್ ಇಸ್ಯ ಏನೂ ಕೇಳ್ನಿಲ್ಲ ಕಣಮ್ಮಿ, ನಾನೂ ಯೋಳ್ನಿಲ್ಲ," ಎಂದಳು ಮಂಚಮ್ಮ. "ಮಗಳ ಕಳುಸ್ಕೊಡಿ, ಜ್ವಾಪಾನ ಮಾಡ್ತೀನಿ ಅಂದ. ಮುದ್ದ ಇಕ್ಕುದ್ರೆ ತಟ್ಟ ಮುಂದ ಸುಮ್ನ ಕುಂತಿದ್ದ, ನಿನ್ನಂಗೇಯ. ಒಂದ್ ತುತ್ತೂ ಬಾಯ್ಗಿಡ್ನಿಲ್ಲ."

ನಿನ್ನಂಗೇಯ.

ಭವ್ಯ ಜಗಳ ಅಲ್ಲಿಗೇ ಬಿಟ್ಟಳು. ತಲೆ ಸುತ್ತುತ್ತಿದ್ದರೂ ಗುಂಡ್ಲುಪೇಟೆಗೆ ಹೊರಟಳು.

ಅವಳು ತಲುಪಿದಾಗ ಊಟದ ಹೊತ್ತು. ಜಗಲಿಯಲ್ಲಿ ಎಲ್ಲರೂ ಉಣ್ಣುತ್ತಿದ್ದರು. ಕನಕರಾಜು ಹಿತ್ತಲಲ್ಲಿ, ಗೋಡೆಗೆ ಮುಖ ಮಾಡಿ, ಒಬ್ಬನೇ ಟಿಫಿನ್ ಬಾಕ್ಸ್ ಹಿಡಿದು ಕೂತಿದ್ದ. ಗುಬ್ಬಿ ಮರಿಗೆ ಮುರಿದಂತೆ ಮುದ್ದೆಯನ್ನು ಚೂರು ಚೂರು ಮುರಿಯುತ್ತಿದ್ದ.

ಹೆಜ್ಜೆ ಸದ್ದಿಗೆ ಬೆಚ್ಚಿ ಮುಚ್ಚಳ ಹಾಕಿದ.

"ಇಪ್ಪತ್ತೇಳನೇ ದೃಶ್ಯ ನಿಮ್ದೇ ಕತೆನಾ?" ಕೇಳಿದಳು ಭವ್ಯ.

ಅವನು ಹೌದೆಂದು ತಲೆಯಾಡಿಸಿದ. ತಡೆದು ತಡೆದು ಹೇಳಿದ. ಕಾಲೇಜು ಹಾಸ್ಟೆಲಿನಲ್ಲಿ ಅವನನ್ನು ಎಲ್ಲರೂ ಆನೆಮರಿ ಎಂದು ಕರೆಯುತ್ತಿದ್ದರಂತೆ. ಉಪವಾಸ ಬಿದ್ದ. ತಿಂದರೆ ಕಕ್ಕಿದ. ರಜೆಗೆ ಬಂದಾಗ ಮನೆಯ ಎಮ್ಮೆಗೆ ಮುದ್ದೆ ಹಾಕಿ, ತುಟಿಗೆ ಸಾರು ಸವರಿಕೊಂಡು ಅವ್ವನ ಮುಂದೆ ಸುಳಿದಾಡಿದ. ಹೀಗೆ ನಾಲ್ಕು ವರ್ಷ.

"ಗಂಡುಸ್ಗೂ ಇದು ಬತ್ತದೆ ಅಂದ್ರೆ ನಗ್ತಾರೆ. ಅದ್ಕೇ ಹುಡುಗಿ ಮಾಡಿ ಬರ್ದೆ. ಆವತ್ತು ನಿಮ್ ಕೈ ನಡುಗ್ತಲ್ಲ... ಆಗ ನಂಗೆ ಅನುಮಾನ ಬಂತು. ಕೇಳ್ಬೇಕಿತ್ತು. ನಂದೂ ಹೇಳ್ಬೇಕಾಗ್ತದೆ ಅಂತ ಕೇಳ್ಳಿಲ್ಲ. ತಪ್ಪಾಯ್ತು."

ಭವ್ಯಳಿಗೆ ಅಳು ಬರಲಿಲ್ಲ. ಅಷ್ಟು ತ್ರಾಣವಿರಲಿಲ್ಲ. ಅವನ ಬೆನ್ನಿಗೆ ಬೆನ್ನು ತಾಗಿಸಿ ಕಲ್ಲಿನ ಮೇಲೆ ಕೂತಳು. "ನಾನು ನೋಡಲ್ಲ. ಉಣ್ಣಿ. ನಂಗೂ ಸ್ವಲ್ಪ ಕೊಡಿ. ಮೂರು ದಿನ ಆಯ್ತು."

ಅವನ ಕೈ ಹಿಂದಕ್ಕೆ ಬಂತು. ಅಂಗೈಯಲ್ಲಿ ಒಂದು ಚೂರು ಮುದ್ದೆ.

ಇಪ್ಪತ್ತೇಳನೇ ದೃಶ್ಯವನ್ನು ಭವ್ಯ ಒಂದೇ ಸಲಕ್ಕೆ ಮಾಡಿ ಮುಗಿಸಿದಳು. ಮುಂದಿನ ಬೇಸಿಗೆಯಲ್ಲಿ ಸಿನಿಮಾ ಚಾಮರಾಜನಗರದ ಒಂದು ಸಭಾಂಗಣದಲ್ಲಿ ತೆರೆ ಕಂಡಿತು. ಬಂದದ್ದು ನಲವತ್ತು ಜನ. ನಡುವೆಯೇ ಎದ್ದು ಹೋದವರು ಹದಿನೈದು. ಕೊನೆಯಲ್ಲಿ ಶಿವರುದ್ರಮ್ಮ ಎಂಬ ನರ್ಸಮ್ಮ ಭವ್ಯಳ ಕೈ ಹಿಡಿದು, ಊಟ ಬಿಟ್ಟಿರುವ ತನ್ನ ಮಗಳನ್ನು ಒಮ್ಮೆ ಬಂದು ನೋಡುತ್ತೀರಾ ಎಂದು ಕೇಳಿದಳು. ಭವ್ಯ ಆಗಲಿ ಎಂದಳು.

ಎಲ್ಲರೂ ಹೋದ ಮೇಲೆ ಭವ್ಯ, ಕನಕರಾಜು ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಸಂಜೆ ಬಿಸಿಲು ಇಳಿಯುತ್ತಿತ್ತು.

"ನಿಮ್ಮನ್ನ ಮದ್ವೆ ಆಗ್ಬೇಕು ಅಂತ ಆಸೆ ಭವ್ಯ," ಎಂದ ಕನಕರಾಜು. "ಆದ್ರೆ ನಾನಿನ್ನೂ ಪೂರ್ತಿ ವಾಸಿಯಾಗಿಲ್ಲ. ಕೆಲವು ದಿನ ಬಾಳ ಕಷ್ಟ ಆಯ್ತದೆ."

"ನಂಗೂ ಆಯ್ತದೆ."

"ಇಬ್ರಿಗೂ ಒಂದೇ ದಿನ ಕಷ್ಟ ಆದ್ರೆ?"

ಭವ್ಯ ಅವನ ಭುಜಕ್ಕೆ ತಲೆಯಾನಿಸಿದಳು.

"ಆವತ್ತು ಗಂಜಿ ಕಾಯ್ಸನ. ಅರ್ಧರ್ಧ ಲೋಟ ಕುಡ್ದು ಮಲಿಕ್ಕಳನ."

"ಅಷ್ಟು ಸಾಕಾ?"

"ಆವತ್ತಿಗೆ ಅಷ್ಟು ಸಾಕು."