ಮಾವನ ಉಸ್ತರಾ

ಮಾವ ಖಂಡೆಪ್ಪ ಮುಂಜಾನೆ ಗಡ್ಡ ಕೆರೆದ ಉಸ್ತರಾದಿಂದಲೇ ಕಾಲಿನ ಆಣಿ ಕೆತ್ತುತ್ತಿದ್ದ. ಆಮೇಲೆ ಅದನ್ನು ಧೋತರದ ಅಂಚಿಗೆ ಎರಡು ಸಲ ಒರೆಸಿ, ಕೆಂಪು ಬಾಳೆಹಣ್ಣು ಹೆಚ್ಚುತ್ತಿದ್ದ. ಮೊದಲ ಹೋಳು ಅಳಿಯನಿಗೆ.

"ತಗೋರಿ ಅಳಿಯಂದ್ರ. ಕಮಲಾಪುರದ ಹಣ್ಣು. ನಿಮ್ಮ ಕಲಬುರಗ್ಯಾಗ ಈ ರುಚಿ ಸಿಗಂಗಿಲ್ಲ."

ಯಶವಂತ ತಿನ್ನುತ್ತಿದ್ದ. ಹೆಂಡತಿ ಶೀಲಾ ಎದುರಿಗೇ ಕೂತಿರುತ್ತಿದ್ದಳು, ತಿನ್ನದೆ ದಾರಿಯಿರಲಿಲ್ಲ. ಅಗಿಯದೆ ನುಂಗಿದರೂ ಸೋಪಿನ ವಾಸನೆ ಗಂಟಲಿಗೆ ಹತ್ತುತ್ತಿತ್ತು. ಅವನು ಬಸ್ಸಿನ ಕಂಬಿ ಮುಟ್ಟಲೂ ಹೇಸುವ ಮನುಷ್ಯ. ತುಂಬುತೋಳಿನ ಅಂಗಿಯ ಗುಂಡಿಯನ್ನು ಮಣಿಕಟ್ಟಿನ ತನಕ ಹಾಕಿಕೊಂಡು, ಸೊಳ್ಳೆಯ ನೆಪ ಹೇಳಿ ಹಾಸಿಗೆಯಲ್ಲೂ ಅದನ್ನು ಬಿಚ್ಚದವನು. ಅಂಥವನ ಪಾಲಿಗೆ ಪ್ರತಿ ರವಿವಾರ ಮಾವನ ಊರಾದ ಕಮಲಾಪುರದಲ್ಲಿ ಈ ಶಿಕ್ಷೆ. ಇಷ್ಟಾದರೆ ಹೇಗೋ ತಡೆದುಕೊಳ್ಳುತ್ತಿದ್ದನೇನೋ. ದಸರಾ ಮುಗಿದ ಮೇಲೆ ಒಂದು ದಿನ ಕಲಬುರಗಿಯ ಕೋಟನೂರು ಬಡಾವಣೆಯ ತಮ್ಮ ಮನೆಯ ಬಚ್ಚಲಲ್ಲಿ ಹೊಸ ಹಲಗೆ ಕಂಡಿತು. ಅವನ ಟೂತ್‌ಬ್ರಶ್ಶಿನ ಪಕ್ಕದಲ್ಲೇ ಮೊಳೆ ಹೊಡೆಸಿದ್ದಳು ಶೀಲಾ.

"ಅಪ್ಪನ ಸಾಮಾನಿಗ್ರೀ. ದೀಪಾವಳಿ ಆದ ಮ್ಯಾಲ ಅಪ್ಪ ನಮ್ಮ ಜೋಡಿನೇ ಇರ್ತಾನ. ಒಬ್ಬಾಕಿ ಮಗಳು ನಾ, ಮತ್ಯಾರು ನೋಡಬೇಕು?"

ಯಶವಂತ ಆ ಹಲಗೆಯನ್ನೇ ನೋಡಿದ. ಬಿಳಿ ಕೂದಲು ಬೆರೆತ ನೊರೆ, ಆಣಿಯ ಚೂರು, ಅದರ ಪಕ್ಕ ತನ್ನ ಬ್ರಶ್ಶು. ದಿನಾ. ಈ ಮುದುಕ ಈ ಮನೆಯ ಹೊಸ್ತಿಲು ತುಳಿಯಬಾರದು ಎಂದು ಅಲ್ಲೇ ನಿಂತು ನಿರ್ಧರಿಸಿದ.

ದಾರಿ ತೋರಿಸಿದ್ದು ಡಾಕ್ಟರು. ಖಂಡೆಪ್ಪನ ಹೃದಯಕ್ಕೆ ರಕ್ತ ತೆಳುವಾಗುವ ಗುಳಿಗೆ ಬರೆದುಕೊಟ್ಟು, ಗಾಯವಾದರೆ ರಕ್ತ ಬೇಗ ನಿಲ್ಲುವುದಿಲ್ಲ, ಗಡ್ಡ ಮಾಡಿಕೊಳ್ಳುವಾಗ ಹುಷಾರಿ ಎಂದಿದ್ದರು. ಖಂಡೆಪ್ಪ ನಕ್ಕು, ತನ್ನ ಉಸ್ತರಾ ಬೆಣ್ಣೆಯನ್ನೂ ಕೊಯ್ಯುವುದಿಲ್ಲ ಎಂದಿದ್ದ. ಅದು ನಿಜವೇ. ಮಡಚುವ ಹಳೆಯ ಕ್ಷೌರದ ಕತ್ತಿ, ವರ್ಷಗಟ್ಟಲೆ ಮಸೆಯುವ ಕಲ್ಲು ಕಂಡಿಲ್ಲ. ಆದ್ದರಿಂದಲೇ ಮುದುಕ ಅದನ್ನು ಗಂಟಲಿಗೆ ಒತ್ತಿ ಒತ್ತಿ ಎಳೆಯುತ್ತಿದ್ದ. ಕಣ್ಣು ಮಂಜು, ಕೈ ನಡುಕ. ಅಲಗು ಹರಿತವಾದರೆ ಸಾಕು, ಉಳಿದದ್ದನ್ನು ಮುದುಕನ ಕೈಯೇ ಮಾಡುತ್ತದೆ. ಯಶವಂತ ಆ ಹೊತ್ತಿಗೆ ಕಲಬುರಗಿಯ ಕಚೇರಿಯಲ್ಲಿ ಎಲ್ಲರ ಕಣ್ಣೆದುರು ಕೂತಿರುತ್ತಾನೆ.

ಕೋಟೆಯ ಹತ್ತಿರ ಹಳೇ ಸಾಮಾನು ಮಾರುವ ಚಾಂದಪಾಶಾನ ಗಾಡಿಯಲ್ಲಿ ಅಂಥದೇ ಒಂದು ಉಸ್ತರಾ ಸಿಕ್ಕಿತು. ಕಲ್ಲನ್ನು ಬೇರೆ ಕಡೆ ಕೊಂಡ. ಶಾಲೆಯಲ್ಲಿ ಟೀಚರಾದ ಶೀಲಾ ಮುಂಜಾನೆ ಬೇಗ ಹೊರಡುತ್ತಿದ್ದಳು. ಅವಳ ಸ್ಕೂಟಿಯ ಸದ್ದು ದೂರಾದ ಮೇಲೆ ಅವನು ಬಚ್ಚಲಲ್ಲಿ ಕೂತು, ಮೊಬೈಲಿನಲ್ಲಿ ನೋಡಿ ಕಲಿಯತೊಡಗಿದ.

ಮೊದಮೊದಲು ಎಲ್ಲ ಹಾಳು ಮಾಡಿಕೊಂಡ. ಚಾಕು ಮಸೆದಂತೆ ಅಲಗನ್ನು ಎತ್ತಿ ಉಜ್ಜಿದ್ದರಿಂದ ಇದ್ದ ಅಂಚೂ ಹೋಯಿತು. ಆಮೇಲೆ ತಿಳಿಯಿತು: ಬೆನ್ನು, ಅಂಚು ಎರಡೂ ಕಲ್ಲಿಗೆ ತಾಗಿ ಮಲಗಿರಬೇಕು. ಅಂಚು ಮುಂದಾಗಿ ಹೋಗಬೇಕು, ತಿರುಗಿಸುವಾಗ ಬೆನ್ನಿನ ಮೇಲೆಯೇ ತಿರುಗಿಸಬೇಕು. ಭಾರ ಹಾಕಲೇಬಾರದು. ಬೂದುಬಣ್ಣದ ಕೊಳಕು ನೀರು ಬೆರಳಿಗೆ ಮೆತ್ತಿದಾಗ ವಾಕರಿಕೆ ಬರುತ್ತಿತ್ತು, ತಡೆದುಕೊಂಡ. ಕಲ್ಲಿನ ಕೆಲಸ ಆದ ಮೇಲೆ ಹಳೆಯ ಚರ್ಮದ ಬೆಲ್ಟಿನ ಮೇಲೆ ಸವರಿದ. ಒಂದು ದಿನ ಮುಂಗೈ ಮೇಲೆ ಎಳೆದು ನೋಡಿದರೆ ಕೂದಲು ಸದ್ದಿಲ್ಲದೆ ಉದುರಿತು. ಅವನಿಗೆ ತನ್ನ ಮೇಲೇ ಅಭಿಮಾನ ಬಂತು. ಕೈ ಕೂಡಿಬರುವ ತನಕ ದಿನಾ ಮಸೆದ, ದಿನಾ ನೋಡಿದ. ಪ್ರತಿಸಲ ಬಚ್ಚಲಿಗೆ ಫಿನಾಯಿಲ್ ಸುರಿದ, ಉಗುರು ಉಜ್ಜಿದ, ಮೊಬೈಲಿನಲ್ಲಿ ನೋಡಿದ್ದನ್ನೆಲ್ಲ ಅಳಿಸಿದ. ಅವನಷ್ಟು ಸ್ವಚ್ಛವಾಗಿ ಪಾಪ ಮಾಡುವವರು ಊರಲ್ಲಿ ಮತ್ತೊಬ್ಬರಿರಲಿಲ್ಲ.

ದೀಪಾವಳಿಗೆ ಮುಂಚಿನ ಕೊನೆಯ ರವಿವಾರ ಕಮಲಾಪುರದಲ್ಲಿ ಮುದುಕ ಬಾಳೆಹಣ್ಣು ಹೆಚ್ಚುತ್ತ ಮಾತಿಗೆ ಕೂತ.

"ಒಂದ ಕಾಲದಾಗ ಇದನ್ನ ವಾರಕ್ಕೊಮ್ಮೆ ನಾನೇ ಮಸೀತಿದ್ದೆರೀ. ಎಷ್ಟ ಹರಿತ ಇತ್ತ ಅಂತೀರಿ. ಶೀಲಾನ ಅವ್ವ ನನ್ನ ಕೈ ನೋಡಿ ನೋಡಿ ನಗ್ತಿದ್ದಳು. ಆಕಿ ಹೋದ ಮ್ಯಾಲ ಬಿಟ್ಟಬಿಟ್ಟೆ."

ಯಶವಂತನ ಕಣ್ಣು ಹೋಳಿಗೆ ಅಂಟಿದ್ದ ಒಂದು ಬಿಳಿ ಕೂದಲಿನ ಮೇಲಿತ್ತು. ಯಾಕೆ ನಗುತ್ತಿದ್ದಳು ಎಂದು ಕೇಳುವ ಮನಸ್ಸಾಗಲಿಲ್ಲ. ಉಸಿರು ಹಿಡಿದು ನುಂಗಿದ. ಇದೇ ಕೊನೆ ಎಂದುಕೊಂಡಾಗ ಸ್ವಲ್ಪ ಸಮಾಧಾನವಾಯಿತು.

ಮಧ್ಯಾಹ್ನ ತಂದೆ ಮಗಳು ಬಾಳೆ ತೋಟಕ್ಕೆ ಹೋದರು. ತಲೆನೋವೆಂದು ಮನೆಯಲ್ಲೇ ಉಳಿದ ಯಶವಂತ ಚೀಲದಿಂದ ಕಲ್ಲು ತೆಗೆದು ಮಾವನ ಉಸ್ತರಾ ಮಸೆದ. ಕೈ ಪಳಗಿತ್ತು. ಮುಂಗೈ ಮೇಲೆ ಕೊನೆಯ ಸಲ ನೋಡಿ, ಅದು ಇದ್ದ ಜಾಗದಲ್ಲೇ, ಇದ್ದ ಹಾಗೆಯೇ ಮಡಚಿಟ್ಟ. ಸಂಜೆಗೆ ಕಲಬುರಗಿ ಸೇರಿದರು. ಕಲ್ಲು, ಬೆಲ್ಟು, ಚಾಂದಪಾಶಾನ ಉಸ್ತರಾ ಎಲ್ಲವೂ ಮರುದಿನ ಕೆರೆ ಪಾಲಾದವು. ಸೋಮವಾರ ಮುದುಕ ಮುಖಕ್ಕೆ ಕತ್ತಿ ತಾಗಿಸುವುದಿಲ್ಲ, ಶಿವನ ವಾರ. ಅದೂ ಲೆಕ್ಕದಲ್ಲಿತ್ತು.

ಮಂಗಳವಾರ ಕಚೇರಿಗೆ ಫೋನು ಬಂತು. ನೆರೆಮನೆಯ ಶಂಕ್ರಮ್ಮ ಹಾಲು ಕೊಡಲು ಹೋದಾಗ ಗಡ್ಡ ಮಾಡಿಕೊಳ್ಳಲು ಕೂತಿದ್ದ ಖಂಡೆಪ್ಪ ಅಂಗಳದಲ್ಲಿ ರಕ್ತದ ಮಡುವಿನಲ್ಲಿ ಬಿದ್ದಿದ್ದ. ಎಲ್ಲ ಮುಗಿದಿತ್ತು.

ವಿಚಾರಣೆಗೆ ಬಂದ ಪಿಎಸ್‌ಐ ಉಸ್ತರಾವನ್ನು ಬೆಳಕಿಗೆ ಹಿಡಿದು ನೋಡಿದ. "ಮಗಳು ಇದು ಮೊಂಡ ಇತ್ತ ಅಂತಾಳ. ಇದನ್ನ ಯಾರೋ ಛಂದ ಮಸದಾರಲ್ಲ?"

"ದವಾಖಾನಿಗೆ ಬಂದಾಗ ಕಲಬುರಗ್ಯಾಗ ಸಾಣಿಯವನ ಕಡೆ ಮಾಡಿಸಿದೆ ಅಂದಿದ್ರು ಸಾಹೇಬ್ರ. ನಾ ಅಂತೂ ಉಸ್ತರಾ ಜೀವನದಾಗ ಮುಟ್ಟಿಲ್ರೀ. ನೋಡಿದ್ರ ಹೇಸಿಗಿ ಬರ್ತದ."

ಕಡೆಯ ಮಾತು ಮನಸ್ಸಿನಿಂದಲೇ ಬಂದಿದ್ದರಿಂದ ಪಿಎಸ್‌ಐ ನಂಬಿದ. ಶೀಲಾ ಮಾತ್ರ ಅಳುತ್ತಲೇ, ಸಾಣೆ ಹಿಡಿಸಿದ್ದನ್ನು ಅಪ್ಪ ತನಗೆ ಹೇಳಲೇ ಇಲ್ಲವಲ್ಲ ಎಂದು ಒಂದೇ ಸಮ ಗೊಣಗುತ್ತಿದ್ದಳು. ದುಃಖದಲ್ಲಿ ಹೆಂಗಸರು ಏನೇನೋ ಅನ್ನುತ್ತಾರೆ ಎಂದುಕೊಂಡ ಯಶವಂತ.

ಬುಧವಾರ ಮಣ್ಣು ಮಾಡುವುದಿತ್ತು. ಗಂಡುಮಕ್ಕಳಿಲ್ಲದ ಮನೆ, ಗುಣಿಗೆ ಇಳಿದು ಹೆಣ ಕೂಡಿಸುವವನು ಅಳಿಯನೇ. "ಅಂಗಿ ತಗೀರಿ, ಮೈಗೆ ಇಬತ್ತಿ ಹಚ್ಚಬೇಕು" ಎಂದರು ಕ್ರಿಯೆ ಮಾಡಿಸಲು ಬಂದ ಅಯ್ಯನವರು. ಯಶವಂತ ಮಣಿಕಟ್ಟಿನ ಗುಂಡಿ ಬಿಚ್ಚಿದ. ಒದ್ದೆ ವಿಭೂತಿಯ ಬಟ್ಟಲು ಹಿಡಿದ ಶೀಲಾ ಅವನ ಹಣೆಗೆ, ಎದೆಗೆ, ಬಲಗೈಗೆ ಮೂರು ಮೂರು ಗೆರೆ ಎಳೆದಳು. ಬಲಗೈಯ ದಟ್ಟ ಕೂದಲಲ್ಲಿ ವಿಭೂತಿ ಗಂಟುಗಂಟಾಗಿ ನಿಂತಿತು. ಎಡಗೈಗೆ ಬಂದಾಗ ಗೆರೆಗಳು ಸಾರಿಸಿದ ಗೋಡೆಯ ಮೇಲೆ ಎಳೆದಂತೆ ನೀಟಾಗಿ ಮೂಡಿದವು. ಶೀಲಾಳ ಬೆರಳು ನಿಂತಿತು. ಆ ಕೈಯನ್ನು ತಿರುಗಿಸಿ ನೋಡಿದಳು, ಮತ್ತೆ ಬಲಗೈ ನೋಡಿದಳು. "ಅವ್ವ ಯಾಕ ನಗ್ತಿದ್ದಳು ಗೊತ್ತದೇನ್ರೀ?" ಎಂದಳು ಮೆಲ್ಲಗೆ. "ಅಪ್ಪ ಉಸ್ತರಾ ಮಸದು, ಹರಿತ ಆಗ್ಯದೋ ಇಲ್ಲೋ ನೋಡ್ಲಿಕ್ಕ ಎಡಗೈ ಕೂದಲೆಲ್ಲ ಬೋಳಸ್ತಿದ್ದ. ಒಂದ ಕೈ ಗಂಡಸಂದು, ಒಂದ ಕೈ ಹೆಣ್ಮಗಳದು ಅಂತ ನಗ್ತಿದ್ದಳು." ಬೇವಿನ ಗಿಡದ ಕೆಳಗೆ ಟೋಪಿ ತೆಗೆದು ನಿಂತಿದ್ದ ಪಿಎಸ್‌ಐ ಕಡೆ ಅವಳು ತಿರುಗಿದಳು. "ಸಾಹೇಬ್ರ, ಸ್ವಲ್ಪ ಇಲ್ಲಿ ಬರ್ರಿ," ಎಂದಳು. ಯಶವಂತನ ಮಣಿಕಟ್ಟನ್ನು ಮಾತ್ರ ಬಿಡಲಿಲ್ಲ.