ಮೂವತ್ತೊಂದು ಬಗೆಯ ನೋವು

ಪಟ್ಟಿಯನ್ನು ಕತ್ತಿನ ಹಿಂಭಾಗಕ್ಕೆ ಅಂಟಿಸಿ ನಾಲ್ಕು ನಿಮಿಷವಾಗಿತ್ತು. ಎರಡು ಬೆರಳಿನಷ್ಟು ಅಗಲ, ಗೇಣಿಗಿಂತ ಕಡಿಮೆ ಉದ್ದ, ಹಿಡಿದರೆ ಕೈಯಲ್ಲಿ ಏನೋ ಇದೆ ಎನ್ನಿಸದಷ್ಟು ಹಗುರ. ಧಾರವಾಡದ ಆ ಪ್ರಯೋಗಾಲಯದ ಕಿಟಕಿಯಿಂದ ಹತ್ತೂವರೆಯ ಬಿಸಿಲು ನೆಲಕ್ಕೆ ಬಿದ್ದಿತ್ತು. ಡಾ. ತಬಸ್ಸುಮ್ ಸವಣೂರ ಪರದೆಯಿಂದ ಕಣ್ಣು ಕೀಳದೆ ಕೇಳಿದರು.

"ಈಗ ಹೆಂಗ ಐತಿ?"

ಸಿಂಚನಾ ಹೊಸಕೇರಿ ಬಲಗೈಯನ್ನು ನಿಧಾನವಾಗಿ ತಲೆಯ ಮೇಲಕ್ಕೆ ಎತ್ತಿದಳು. ಎಡಗೈಯನ್ನೂ ಎತ್ತಿದಳು. ಕೂದಲು ಬಿಚ್ಚಿ, ಬೆರಳಿನಿಂದ ಬಾಚಿ, ಮತ್ತೆ ತುರುಬು ಕಟ್ಟಿದಳು. ಹನ್ನೊಂದು ವರ್ಷದಿಂದ ಹಲ್ಲು ಕಚ್ಚಿಕೊಂಡು ಮಾಡುತ್ತಿದ್ದ ಕೆಲಸ ಅದು.

"ಮೇಡಮ್ಮಾರ, ಭುಜದಾಗಿನ ಉರಿ ಬಂದ್ ಆಗೇತ್ರಿ," ಎಂದಳು. ದನಿ ಬಹಳ ಸಣ್ಣಗಿತ್ತು. "ಯಾರೋ ಬಾಜೂಮನಿ ಮಷೀನ್ ಬಂದ್ ಮಾಡಿದಂಗ ಆತು. ಮಷೀನ್ ಇತ್ತು ಅನ್ನೂದು ನನಗ ಈಗ ಗೊತ್ತಾತು."

ತಬಸ್ಸುಮ್ ಪರದೆಯ ಮೇಲಿನ ಗೆರೆಯನ್ನು ನೋಡಿದರು. ಬೆಳಿಗ್ಗೆಯಿಂದ ಗರಗಸದ ಹಲ್ಲಿನಂತೆ ಏರಿಳಿಯುತ್ತಿದ್ದ ಗೆರೆ ಈಗ ಚಪ್ಪಟೆಯಾಗಿತ್ತು. ಅರವತ್ತು ವರ್ಷ ವಯಸ್ಸಿನ ಆ ವಿಜ್ಞಾನಿ ಕುರ್ಚಿಯಿಂದ ಎದ್ದು, ಏನು ಮಾಡಬೇಕೆಂದು ತಿಳಿಯದೆ, ಮತ್ತೆ ಕುಳಿತರು. ಅದು 2058ರ ಜನವರಿ.

ಸಿಂಚನಾ ಹುಬ್ಬಳ್ಳಿ–ಧಾರವಾಡ ನಡುವೆ ಬಸ್ಸು ಓಡಿಸುವವಳು. ವಯಸ್ಸು ನಲವತ್ತೇಳು. ಮೂವತ್ತಾರನೆಯ ವಯಸ್ಸಿನಲ್ಲಿ ಒಂದು ಜ್ವರ ಬಂದು ಹೋಯಿತು, ಮೈಕೈ ನೋವು ಮಾತ್ರ ಹೋಗಲಿಲ್ಲ. ಎಂಟು ತಾಸು ಮಲಗಿ ಎದ್ದರೂ ಮೂಟೆ ಹೊತ್ತು ಎದ್ದ ಹಾಗೆ. ಕೆಲವು ದಿನ ರವಿಕೆಯ ಹೊಲಿಗೆ ತಾಗಿದರೂ ಚರ್ಮ ಉರಿಯುತ್ತಿತ್ತು. ನಾಲಿಗೆಯ ತುದಿಯಲ್ಲಿದ್ದ ಮಾತು ಮರೆತುಹೋಗುತ್ತಿತ್ತು. ಎಲುಬಿನ ಡಾಕ್ಟರು, ನರದ ಡಾಕ್ಟರು, ರಕ್ತಪರೀಕ್ಷೆ, ಸ್ಕ್ಯಾನು ಎಲ್ಲ ಆಯಿತು. "ರಿಪೋರ್ಟ್ ನಾರ್ಮಲ್ ಐತಿ" ಎಂಬ ಮಾತನ್ನು ಅವಳು ಎಷ್ಟು ಸಲ ಕೇಳಿದ್ದಳೆಂದರೆ, ಕೊನೆಗೆ ಅದೇ ಒಂದು ಬೈಗುಳದಂತೆ ಕೇಳಿಸತೊಡಗಿತ್ತು. ಐದನೆಯ ವರ್ಷ ಒಬ್ಬ ಕೀಲುರೋಗ ತಜ್ಞೆ ಕಾಯಿಲೆಯ ಹೆಸರು ಹೇಳಿದಳು: ಫೈಬ್ರೊಮಯಾಲ್ಜಿಯ. ಗುಳಿಗೆ, ದಿನವೂ ಸ್ವಲ್ಪ ನಡಿಗೆ, ನಿದ್ದೆಯ ಶಿಸ್ತು ಎಲ್ಲದರಿಂದ ಒಂದಿಷ್ಟು ಗುಣ ಕಂಡಿತು. ಆದರೆ ಹಿಂದಿನ ಮಳೆಗಾಲದಲ್ಲಿ ಡಿಪೋದಲ್ಲಿ ಬಸ್ಸು ನಿಲ್ಲಿಸಿದವಳಿಗೆ ಸೀಟಿನಿಂದ ಇಳಿಯಲು ಆಗಲಿಲ್ಲ. ಇಬ್ಬರು ಹಿಡಿದು ಇಳಿಸಿದರು. ಮಾರ್ಚ್‌ ಮುಗಿಯುವುದರೊಳಗೆ ದೇಹಪರೀಕ್ಷೆ ಪಾಸಾಗದಿದ್ದರೆ ಸ್ಟಿಯರಿಂಗ್ ಮುಟ್ಟುವಂತಿಲ್ಲ ಎಂದು ಡಿಪೋದವರು ಕಾಗದ ಕೊಟ್ಟರು.

ಆ ಕಾಗದ ಹಿಡಿದುಕೊಂಡೇ ಅವಳು ತಬಸ್ಸುಮ್ ಅವರ ಪ್ರಯೋಗಕ್ಕೆ ಹೆಸರು ಕೊಟ್ಟಿದ್ದು. ಮೊದಲ ದಿನ ಅವರು ಅವಳಿಗೆ ಹೇಳಿದ್ದು ಇಷ್ಟು. ಮೈಯ ಮೂಲೆಮೂಲೆಯಿಂದ ಸುದ್ದಿಗಳು ಬೆನ್ನುಹುರಿಯ ಮೂಲಕ ಮಿದುಳಿಗೆ ಹೋಗುತ್ತಲೇ ಇರುತ್ತವೆ. ಮಿದುಳು ಕೆಳಗೆ ಇನ್ನೊಂದು ಸಂಕೇತ ಕಳಿಸಿ ಬೇಡದ ಸುದ್ದಿಯನ್ನು ತಡೆಯುತ್ತದೆ. ಈ ಕಾಯಿಲೆಯಲ್ಲಿ ಆ ತಡೆ ಸಡಿಲ.

"ಅಂದ್ರ ಎಂಜಿನ್ ಚೊಲೋ ಐತಿ, ಬ್ರೇಕ್ ಹಿಡಿಯಂಗಿಲ್ಲ," ಎಂದಿದ್ದಳು ಸಿಂಚನಾ.

"ಹೌದು. ಎಂಜಿನ್ ನೋಡಿದವ್ರೆಲ್ಲ ನಾರ್ಮಲ್ ಅಂದ್ರು. ಬ್ರೇಕ್ ಯಾರೂ ನೋಡಲಿಲ್ಲ."

ಕಿವಿಗೆ ಕೇಳಿಸದ ಶಬ್ದದ ಅಲೆಗಳನ್ನು ಬೆನ್ನುಹುರಿಗೆ ಕಳಿಸಿ ಆ ಬ್ರೇಕನ್ನು ಹೊರಗಿನಿಂದ ಒತ್ತುವುದು ಪಟ್ಟಿಯ ಕೆಲಸ. ಆದರೆ ಸಾವಿರಾರು ಸುದ್ದಿಗಳಲ್ಲಿ ಯಾವುದನ್ನು ತಡೆಯಬೇಕೆಂದು ಪಟ್ಟಿಗೆ ತಿಳಿಯುತ್ತಿರಲಿಲ್ಲ. ಎಲ್ಲವನ್ನೂ ತಡೆದರೆ ಕೈ ಮರಗಟ್ಟಿ ಚಮಚ ಜಾರುತ್ತಿತ್ತು. ಹದಿನಾಲ್ಕು ಜನರ ಮೇಲೆ ಏಳು ತಿಂಗಳು ಪ್ರಯತ್ನ ನಡೆದಿತ್ತು. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ ಎಂದು ಕೇಳುವುದು, ಆ ಅಂಕವನ್ನು ಯಂತ್ರಕ್ಕೆ ಕೊಡುವುದು. ಹದಿನಾಲ್ಕು ಸಲವೂ ಸೋಲು. ಸಿಂಚನಾ ಹದಿನೈದನೆಯವಳು.

"ಈಗ ಎಷ್ಟು?" ಎಂದು ಕೇಳಿದಾಗ ಅವಳು ಅಂಕ ಹೇಳಲು ಒಪ್ಪಲಿಲ್ಲ.

"ಏಳು ಅಂದ್ರ ಸುಳ್ಳು ಹೇಳಿದಂಗ ಆಗ್ತೇತ್ರಿ. ಮೀನಖಂಡದಾಗ ಒದ್ದಿ ಅರಿವಿ ಹಿಂಡಿದಂಗ ಐತಿ. ಭುಜದಾಗ ಮೆಣಸಿನಕಾಯಿ ಸವರಿದಂಗ. ಬೆನ್ನಾಗ ನೋವ ಅಲ್ಲ, ಭಾರ. ಮೂರಕ್ಕೂ ಕೂಡಿಸಿ ಒಂದ ಅಂಕ ಹೆಂಗ ಕೊಡ್ಲಿ?"

ತಬಸ್ಸುಮ್ ಪೆನ್ನು ಕೆಳಗಿಟ್ಟರು. "ಮೀನಖಂಡದ್ದು ಇನ್ನೊಮ್ಮೆ ಹೇಳ್ರಿ. ಯಾವಾಗ ಹಿಂಡತೇತಿ, ಯಾವಾಗ ಬಿಡತೇತಿ?"

ಅವಳು ಹೇಳುತ್ತ ಹೋದಳು. "ಈಗ ಹಿಂಡಿತು… ಈಗ ಬಿಟ್ಟಿತು…" ಎನ್ನುವಾಗಲೆಲ್ಲ, ಬೆನ್ನುಹುರಿಯ ಸುದ್ದಿ ತೋರಿಸುವ ಪರದೆಯ ಒಂದು ಮೂಲೆಯಲ್ಲಿ, ಇಷ್ಟು ದಿನ ಗದ್ದಲವೆಂದು ಅಳಿಸಿಹಾಕುತ್ತಿದ್ದ ಜಾಗದಲ್ಲಿ, ಒಂದೇ ಆಕಾರದ ಸಣ್ಣ ಅಲೆ ಎದ್ದು ಕುಸಿಯುತ್ತಿತ್ತು. ತಬಸ್ಸುಮ್ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು. ಆ ದಿನ ಮಧ್ಯಾಹ್ನದ ಊಟ ಇಬ್ಬರಿಗೂ ನೆನಪಾಗಲಿಲ್ಲ.

ಮುಂದಿನ ಆರು ವಾರ ಅವಳು ಹೇಳಿದಳು, ಅವರು ಕೇಳಿದರು. ಸೆಳೆತ, ಚಳುಕು, ಜುಮುಜುಮು, ಕಡಿತ, ತಿವಿತ, ಇರುವೆ ಹರಿದಂಥದ್ದು, ಒಳಗಿನಿಂದ ಕೆರೆದಂಥದ್ದು. ಒಟ್ಟು ಮೂವತ್ತೊಂದು ಬಗೆ. ಪ್ರತಿಯೊಂದಕ್ಕೂ ಪರದೆಯ ಮೇಲೆ ಬೇರೆ ಬೇರೆ ಅಲೆ. ಮೆಟ್ಟಿಲು ಹತ್ತುವಾಗ, ಕಸ ಗುಡಿಸುವಾಗ ಏಳುವ ನೋವನ್ನು ಗುರುತು ಹಾಕಿಕೊಳ್ಳಲು ಮನೆಯಲ್ಲಿ ಒಬ್ಬರು ಬೇಕಾದರು. ಗಂಡ ಪ್ರಜ್ವಲ್ ಒಪ್ಪಿಕೊಂಡ. ವೈರಿಂಗ್ ಕೆಲಸದವನು, ಮಾತು ಕಡಿಮೆ. ಮೊದಲ ಭಾನುವಾರ ಮೂರು ತಾಸು ಅವಳ ಹಿಂದೆ ಮುಂದೆ ತಿರುಗಿ ಬರೆದುಕೊಂಡ. ಆಮೇಲೆ ವಹಿಯನ್ನು ಮಡಿಲಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕುಳಿತುಬಿಟ್ಟ.

"ಹನ್ನೊಂದು ವರ್ಷ ನಾ 'ಆರಾಮ ಇದ್ದೀಯಿಲ್ಲ' ಅಂತ ಕೇಳೇನಿ. 'ಹೆಂಗ ನೋಯ್ತದ' ಅಂತ ಒಮ್ಮೆನೂ ಕೇಳಿಲ್ಲ," ಎಂದ.

"ನಾನೂ ಹೇಳಿಲ್ಲ ಬಿಡ್ರಿ," ಎಂದಳು ಸಿಂಚನಾ. ಅದು ಪೂರ್ತಿ ನಿಜವಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಆ ಮೂವತ್ತೊಂದು ಅಲೆಗಳನ್ನು ಕಲಿತ ಪಟ್ಟಿಯೇ ಜನವರಿಯಲ್ಲಿ ಅವಳ ಕತ್ತಿಗೆ ಅಂಟಿದ್ದು. ಮೊದಲ ವಾರ ಒಂಬತ್ತು ನೋವು ತಗ್ಗಿದವು, ಮೂರನೆಯ ವಾರದ ಹೊತ್ತಿಗೆ ಇಪ್ಪತ್ತಾರು. ಐದು ಹಠಮಾರಿಗಳು ಉಳಿದವು, ಅವುಗಳ ಜೊತೆ ಬದುಕಲು ಅವಳಿಗೆ ಬರುತ್ತಿತ್ತು. ಮಾರ್ಚ್ ಎಂಟರಂದು ದೇಹಪರೀಕ್ಷೆ ಪಾಸಾಯಿತು. ಮರುದಿನ ಬೆಳಿಗ್ಗೆ ಅವಳು ಬಸ್ಸನ್ನು ಡಿಪೋದಿಂದ ತೆಗೆದು, ನವನಗರ ದಾಟಿ, ಧಾರವಾಡ ತಲುಪುವವರೆಗೆ ಬಾಗಿಲಿನ ಕನ್ನಡಿಯಲ್ಲಿ ಪ್ರಜ್ವಲ್ ನಗುವುದು ಕಾಣುತ್ತಿತ್ತು. ಅವನಿಗೆ ಧಾರವಾಡದಲ್ಲಿ ಏನೂ ಕೆಲಸವಿರಲಿಲ್ಲ. ಇಳಿಯುವಾಗ ವಾಪಸ್ ಟಿಕೆಟ್ಟನ್ನೂ ತೆಗೆಸಿದ.

ಸುದ್ದಿ ಹಬ್ಬಿತು. ಎರಡೇ ವರ್ಷದಲ್ಲಿ ಕಲಬುರಗಿ, ಮೈಸೂರು, ಮಂಗಳೂರಿನಲ್ಲಿ ಕೇಂದ್ರಗಳಾದವು. ಅವಸರದಲ್ಲಿ ಕೆಲವೆಡೆ ಸಿಂಚನಾಳ ಅಲೆಗಳನ್ನೇ ಇತರರ ಪಟ್ಟಿಗೆ ತುಂಬಿ ನೋಡಿದರು, ಏನೂ ಆಗಲಿಲ್ಲ. ಮಂಗಳೂರಿನ ಮೀನು ಮಾರುವಾಕೆಯ ನೋವು ಬಲೆಯಂತೆ ಬಿಗಿಯುತ್ತಿತ್ತು, ಕಲಬುರಗಿಯ ಗಣಿತದ ಮೇಷ್ಟರದ್ದು ಕಾದ ಸಲಾಕೆಯಂತೆ ಸುಡುತ್ತಿತ್ತು. ಪ್ರತಿಯೊಬ್ಬರೂ ತಮ್ಮ ಮಾತಿನಲ್ಲೇ ಹೇಳಬೇಕು, ಒಬ್ಬರು ಇಪ್ಪತ್ತು ತಾಸು ಕೂತು ಕೇಳಬೇಕು. ಹಾಗಾಗಿ ಆಸ್ಪತ್ರೆಗಳಲ್ಲಿ 'ಕೇಳುಗರು' ಎಂಬ ಹೊಸ ಕೆಲಸ ಹುಟ್ಟಿತು. ಸಿಂಚನಾ ತನ್ನ ವಾರದ ರಜೆಯ ದಿನ ಧಾರವಾಡದ ಕೇಂದ್ರದಲ್ಲಿ ಕೇಳುಗರ ಕೆಲಸಕ್ಕೆ ಸೇರಿದಳು.

2061ರ ಒಂದು ಬುಧವಾರ ತಬಸ್ಸುಮ್ ಅವಳನ್ನು ತಮ್ಮ ಕೋಣೆಗೆ ಕರೆದರು. ಮುಖದಲ್ಲಿ ಗೊಂದಲವಿತ್ತು.

"ಪಟ್ಟಿಗೆ ಕಾಯ್ತಾ ಇರೋರು ಇನ್ನೂರ ಹನ್ನೆರಡು ಮಂದಿ ಅದಾರ. ಅವ್ರದು ಕೇಳೂದು ಮುಗದೇತಿ, ಪಟ್ಟಿ ಇನ್ನೂ ಕೈಗೆ ಬಂದಿಲ್ಲ. ಅವ್ರ ಲೆಕ್ಕ ನೋಡ್ರಿ. ಮದಲಿಗಿಂತ ಹೆಚ್ಚು ನಿದ್ದಿ ಮಾಡ್ತಾರ, ಹೆಚ್ಚು ನಡೀತಾರ. ಗುಳಿಗಿ ಕಡಿಮಿ ಆಗ್ಯಾವ. ತಪ್ಪು ಎಲ್ಲೈತಿ ಅಂತ ಎರಡು ತಿಂಗಳು ಹುಡುಕಿದೆ."

"ನೋವು ಹೋಗೇತೇನ್ರಿ?"

"ಇಲ್ಲ. ನೋವು ಐತಿ. ಪಟ್ಟಿ ಹಾಕ್ಕೊಂಡವ್ರಷ್ಟು ಆರಾಮ ಆಗಿಲ್ಲ, ಅದನ್ನ ಪಟ್ಟೀನೇ ಮಾಡಬೇಕು. ಆದ್ರ ಕೇಳಿದ್ದಷ್ಟರಿಂದನೇ ಕಾಲುಭಾಗ ಬ್ರೇಕ್ ಹಿಡದೇತಿ. ಕೇಳಿದ್ದಷ್ಟರಿಂದ."

ಸಿಂಚನಾ ಕುರ್ಚಿಯ ತುದಿಗೆ ಸರಿದಳು. ಪಟ್ಟಿಗಾಗಿ ಹೆಸರು ಕೊಟ್ಟು ಕೇಳುಗರೂ ಸಿಗದೆ ಕಾಯುತ್ತಿದ್ದವರು ರಾಜ್ಯದಲ್ಲಿ ನಾಲ್ಕು ಸಾವಿರ ಜನ. "ಹಂಗಾರ ಅವ್ರು ಯಾಕ ಸುಮ್ನ ಕಾಯಬೇಕ್ರಿ ಮೇಡಮ್ಮಾರ? ಮನೀ ಮಂದಿಗೆ ಕಲಸೂಣು. ಪ್ರಜ್ವಲ್‌ಗ ಬಂತಂದ್ರ ಯಾರಿಗೂ ಬರ್ತೇತಿ."

ಅಲ್ಲೇ ಕುಳಿತು ಇಬ್ಬರೂ ನಾಲ್ಕು ಸಾವಿರ ಮನೆಗಳಿಗೆ ಹೋಗುವ ಒಂದು ಕಾಗದ ಬರೆದರು. ದಿನಕ್ಕೆ ಅರ್ಧ ತಾಸು ಎದುರು ಕುಳಿತುಕೊಳ್ಳಿ. ಅಂಕ ಕೇಳಬೇಡಿ, ಹೇಗಿದೆ ಎಂದು ಕೇಳಿ. ನಡುವೆ ಬಾಯಿ ಹಾಕಬೇಡಿ. ಔಷಧಿ, ನಡಿಗೆ ನಿಲ್ಲಿಸಬೇಡಿ. ಒಂದೊಂದು ಸಾಲಿಗೂ ಸಿಂಚನಾಳ ಉತ್ಸಾಹ ಏರುತ್ತಿತ್ತು. ತಬಸ್ಸುಮ್ ಮಾತ್ರ ಸಹಿ ಮಾಡುವ ಮೊದಲು ಪೆನ್ನಿನ ಮುಚ್ಚಳ ಮತ್ತೆ ಹಾಕಿದರು.

"ನಮ್ಮ ಅಮ್ಮೀಗೂ ಇದ ಕಾಯಿಲೆ ಇತ್ತು ಅಂತ ಈಗ ಅನಸ್ತೇತಿ. ಎರಡು ಸಾವಿರದ ಇಪ್ಪತ್ತೈದು, ಇಪ್ಪತ್ತಾರರ ಮಾತು. ನಾ ಡಾಕ್ಟರಕಿ ಮುಗಿಸಿ ಬಂದಿದ್ದೆ. ರೊಟ್ಟಿ ಬಡಿಯೂವಾಗ ಕೈ ಹಿಡ್ಕೊಂಡು ಏನೋ ಹೇಳ್ತಿದ್ರು. ರಿಪೋರ್ಟ್ ನಾರ್ಮಲ್ ಐತಿ ಅಮ್ಮಿ, ಅಂತ ನಾನ ಅಂದೆ."

"ಏನಂತ ಹೇಳ್ತಿದ್ರು ಅವ್ರು?"

"ಗೊತ್ತಿಲ್ಲ ಸಿಂಚನಾ. ಕೇಳಿಸ್ಕೊಂಡಿರಲಿಲ್ಲ. ಆವಾಗ ಈ ಪಟ್ಟಿ ಇರಲಿಲ್ಲ ಅಂತ ಇಷ್ಟು ದಿನ ಸಮಾಧಾನ ಮಾಡ್ಕೊಂಡಿದ್ದೆ. ಆದ್ರ ಅಡಗಿಮನ್ಯಾಗ ಒಂದು ಸ್ಟೂಲ್ ಇತ್ತು. ಎಳಕೊಂಡು ಕುಂದರಬಹುದಿತ್ತು."

ಅವರು ಸಹಿ ಮಾಡಿ ಕಾಗದವನ್ನು ಸಿಂಚನಾಳ ಕೈಗೆ ಕೊಟ್ಟರು. ಹೊರಗೆ ಬೆಂಚಿನ ಮೇಲೆ ಆ ದಿನ ಹೊಸದಾಗಿ ಬಂದ ಹೆಂಗಸೊಬ್ಬಳು ಫೈಲು ಅಪ್ಪಿಕೊಂಡು ಕುಳಿತಿದ್ದಳು. ಸಿಂಚನಾಳನ್ನು ನೋಡಿದ ಕೂಡಲೇ ಫೈಲು ಬಿಚ್ಚಲು ಹೋದಳು.

"ಅದನ್ನ ಆಮ್ಯಾಲೆ ನೋಡೂಣು," ಎಂದು ಸಿಂಚನಾ ಅವಳ ಪಕ್ಕದಲ್ಲಿ ಕುಳಿತಳು. "ಮದಲ ನೀವು ಹೇಳ್ರಿ."